ಹಳೇ ಜಾವಾದ ಹ್ಯಾಂಡಲ್‌ಗೆ ಕನ್ನಡಿ ಬಂದ ಕಥೆ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಪ್ರಿಯರ ಪಾಲಿಗೆ ಹಬ್ಬ. ವರ್ಷವಿಡೀ ಹೊದಿಕೆಯೊಳಗೆ ಇದ್ದ ಬೈಕುಗಳೂ ಅವತ್ತು ಒರೆಸಿಕೊಂಡು, ಹೊಗೆ ಉಗುಳುತ್ತಾ ಮೈದಾನಕ್ಕೆ ಬಂದು ಸಾಲಾಗಿ ನಿಲ್ಲುತ್ತವೆ. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಟ್ಯಾಂಕಿನ ಕ್ರೋಮ್ ಪಟ್ಟಿಯ ಮೇಲೆ, ಮರೂನ್ ಬಣ್ಣದ ಮೇಲೆ, ಎರಡೂ ಬದಿಗೆ ಚಾಚಿದ ಜೋಡಿ ಸೈಲೆನ್ಸರ್ ಮೇಲೆ. ಅದೇ ಸಾಲಿನಲ್ಲಿ ಹ್ಯಾಂಡಲ್‌ಗಳನ್ನು ಮಾತ್ರ ನೋಡುತ್ತಾ ಹೋಗಿ. ಒಂದು ಬೈಕಿಗೆ ಕನ್ನಡಿಯೇ ಇಲ್ಲ. ಪಕ್ಕದ್ದಕ್ಕೆ ಬಲಗಡೆ ಮಾತ್ರ ಒಂದು ದುಂಡು ಕನ್ನಡಿ. ಮೂರನೆಯದಕ್ಕೆ ಹಿಡಿಕೆಯ ತುದಿಯಿಂದ ಕೆಳಗೆ ಇಳಿಬಿದ್ದ ಜೋಡಿ. ನಾಲ್ಕನೆಯದಕ್ಕೆ ಯಾವುದೋ ಹೊಸ ಬೈಕಿನ ಕಪ್ಪು ಪ್ಲಾಸ್ಟಿಕ್ ಕನ್ನಡಿ.

ನಾಲ್ಕೂ ಹುಟ್ಟಿದ್ದು ಮೈಸೂರಿನ ಒಂದೇ ಕಾರ್ಖಾನೆಯಲ್ಲಿ. ಸ್ಪೀಡೋಮೀಟರ್ ಎಲ್ಲಿರಬೇಕು, ಕಿಕ್ಕರ್ ಎಲ್ಲಿರಬೇಕು ಎನ್ನುವುದರಲ್ಲಿ ಇಲ್ಲದ ಗೊಂದಲ ಕನ್ನಡಿಯ ವಿಷಯದಲ್ಲಿ ಯಾಕೆ? ಆ ಕಾಲದ ಮೋಟಾರ್‌ಸೈಕಲ್‌ಗಳನ್ನು ರೂಪಿಸಿದವರು ಕನ್ನಡಿಯನ್ನು ಯಂತ್ರದ ಅಂಗ ಎಂದು ಎಣಿಸಿರಲಿಲ್ಲ. ಅದು ಅಂಗಡಿಯಲ್ಲಿ ಬೇರೆಯಾಗಿ ಕೊಂಡು ಕಟ್ಟಿಕೊಳ್ಳುವ ಸಾಮಾನು. ಹಾಗಾಗಿ ಹಳೆಯ ಬೈಕಿನ ಬೇರೆ ಭಾಗಗಳನ್ನು ಕಾರ್ಖಾನೆ ಆರಿಸಿ ಕೊಟ್ಟಿದೆ. ಕನ್ನಡಿಯನ್ನು ಆರಿಸುವ ಹೊಣೆಯನ್ನು ಓಡಿಸುವವರಿಗೆ ಬಿಟ್ಟಿದೆ. ಆ ಹೊಣೆಯನ್ನು ಬಹಳ ಮಂದಿ ಅಂದ ನೋಡಿ ಮುಗಿಸುತ್ತಾರೆ. ಅಂದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಬೈಕು ಓಡುವಾಗ ಈ ಕನ್ನಡಿಯಲ್ಲಿ ಏನಾದರೂ ಕಾಣುತ್ತದೆಯೇ? ಆ ಪ್ರಶ್ನೆ ಹಿನ್ನೋಟದ ಕನ್ನಡಿಯಷ್ಟೇ ಹಳೆಯದು.

ಕೈಗನ್ನಡಿಯಿಂದ ರೇಸ್ ಕಾರಿಗೆ

ಮೋಟಾರು ವಾಹನ ಇನ್ನೂ ಹೊಸತಾಗಿದ್ದ ದಿನಗಳಲ್ಲಿ ಹಿಂದೆ ನೋಡುವ ಅಗತ್ಯವೇ ಅಷ್ಟಾಗಿ ಇರಲಿಲ್ಲ. ರಸ್ತೆಯಲ್ಲಿ ಅತಿ ವೇಗವಾಗಿ ಹೋಗುತ್ತಿದ್ದದ್ದೇ ಮೋಟಾರು. ಹಿಂದಿನಿಂದ ಬಂದು ಮುಂದೆ ಹೋಗುವ ಗಾಡಿ ಅಪರೂಪ. ಮೋಟಾರುಗಳು ಹೆಚ್ಚಿದಂತೆ ಬೆನ್ನ ಹಿಂದಿನ ಅಪಾಯವೂ ಹೆಚ್ಚಿತು. ಬ್ರಿಟನ್ನಿನ ಮೊದಲ ಮಹಿಳಾ ರೇಸ್ ಚಾಲಕಿಯರಲ್ಲಿ ಒಬ್ಬರಾದ ಡೊರೊಥಿ ಲೆವಿಟ್ 1909ರಲ್ಲಿ ‘ದ ವುಮನ್ ಆ್ಯಂಡ್ ದ ಕಾರ್’ ಎಂಬ ಪುಸ್ತಕ ಬರೆದರು. ಕಾರು ಓಡಿಸುವ ಹೆಂಗಸರು ಸುಲಭವಾಗಿ ಕೈಗೆ ಸಿಗುವ ಕಡೆ ಒಂದು ಪುಟ್ಟ ಕನ್ನಡಿ ಇಟ್ಟುಕೊಳ್ಳಬೇಕು, ದಟ್ಟಣೆಯಲ್ಲಿ ಆಗಾಗ ಅದನ್ನು ಎತ್ತಿ ಹಿಡಿದು ಹಿಂದೆ ಏನು ಬರುತ್ತಿದೆ ಎಂದು ನೋಡಬೇಕು ಎನ್ನುವುದು ಅದರಲ್ಲಿ ಅವರು ಕೊಟ್ಟ ಸಲಹೆಗಳಲ್ಲಿ ಒಂದು.

ಎರಡು ವರ್ಷಗಳ ಬಳಿಕ, 1911ರ ಮೇ 30ರಂದು, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ರೇಸ್ ನಡೆಯಿತು. ಆಗಿನ ರೇಸ್ ಕಾರುಗಳಲ್ಲಿ ಚಾಲಕನ ಪಕ್ಕ ಮೆಕ್ಯಾನಿಕ್ ಒಬ್ಬ ಕೂರುತ್ತಿದ್ದ. ಎಣ್ಣೆಯ ಒತ್ತಡ ನೋಡುವುದು, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ಹೇಳುವುದು ಅವನ ಕೆಲಸ. ರೇ ಹ್ಯಾರೂನ್ ಮಾತ್ರ ಒಬ್ಬರೇ ಕೂರುವ ಹಳದಿ ಬಣ್ಣದ ಮಾರ್ಮನ್ ವಾಸ್ಪ್ ಕಾರನ್ನು ತಂದಿದ್ದರು. ಹಿಂದೆ ನೋಡಲು ಆಳಿಲ್ಲದ ಕಾರು ಉಳಿದವರಿಗೆ ಅಪಾಯ ಎಂದು ಎದುರಾಳಿಗಳು ತಕರಾರು ತೆಗೆದರು. ಹ್ಯಾರೂನ್ ತಮ್ಮ ಮುಂದೆ ಮೂರು ಇಂಚು ಅಗಲ, ಎಂಟು ಇಂಚು ಉದ್ದದ ಕನ್ನಡಿಯೊಂದನ್ನು ಕಂಬಿಗಳ ಮೇಲೆ ಕೂರಿಸಿದರು. ವರ್ಷಗಳ ಹಿಂದೆ ಷಿಕಾಗೊದಲ್ಲಿ ಕುದುರೆ ಗಾಡಿಯೊಂದಕ್ಕೆ ಇಂಥದ್ದು ಕಟ್ಟಿದ್ದನ್ನು ಅವರು ಕಂಡಿದ್ದರು. ರೇಸ್ ಗೆದ್ದದ್ದು ಅವರೇ. ಸರಾಸರಿ ವೇಗ ಗಂಟೆಗೆ 74.6 ಮೈಲಿ, ಅಂದರೆ ಸುಮಾರು 120 ಕಿಲೋಮೀಟರ್.

ಗೆದ್ದ ಕಾರಿನ ಜೊತೆ ಕನ್ನಡಿಯೂ ಇತಿಹಾಸ ಸೇರಿತು. ಆದರೆ ಎಷ್ಟೋ ವರ್ಷಗಳ ನಂತರ ಹ್ಯಾರೂನ್ ಒಂದು ಮಾತು ಹೇಳಿದರು. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕಾರು ಎಷ್ಟು ಅದುರುತ್ತಿತ್ತೆಂದರೆ ಕನ್ನಡಿಯಲ್ಲಿ ತಮಗೆ ಏನೂ ಕಾಣಲಿಲ್ಲ ಎಂದು. ವಾಹನದ ಹಿನ್ನೋಟದ ಕನ್ನಡಿಯ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಇನ್ನೊಂದಿಲ್ಲ. ಕನ್ನಡಿ ಇದ್ದರೆ ಸಾಲದು, ಅದು ಅದುರದೆ ನಿಲ್ಲಬೇಕು ಎಂಬ ಪಾಠ ಮೊದಲ ದಿನವೇ ಸಿಕ್ಕಿತ್ತು. 1921ರಲ್ಲಿ ಎಲ್ಮರ್ ಬರ್ಗರ್ ಇಂಥ ಕನ್ನಡಿಗೆ ಪೇಟೆಂಟ್ ಪಡೆದು ‘ಕಾಪ್ ಸ್ಪಾಟರ್’ ಎಂಬ ಹೆಸರಿನಲ್ಲಿ, ಬೆನ್ನಟ್ಟುವ ಪೊಲೀಸರನ್ನು ಗುರುತಿಸುವ ಸಾಧನ ಎಂದು ಮಾರಿದರು. ಕಾರಿನಲ್ಲಿ ಅದು ಬೇಗನೆ ನೆಲೆಯಾಯಿತು. ನಾಲ್ಕು ಚಕ್ರ, ಭಾರದ ದೇಹ, ರಬ್ಬರ್ ಮೇಲೆ ಕೂತ ಎಂಜಿನ್ ಎಲ್ಲ ಸೇರಿ ಅಲ್ಲಿನ ಅದುರನ್ನು ಬರಬರುತ್ತಾ ತಗ್ಗಿಸಿದವು.

ಎರಡು ಚಕ್ರದ ಕಷ್ಟ

ಮೋಟಾರ್‌ಸೈಕಲ್‌ಗೆ ಆ ಅನುಕೂಲ ಇಲ್ಲ. ಎಂಜಿನ್ನು ಚಾಸಿಗೆ ನೇರವಾಗಿ ಬೋಲ್ಟ್ ಆಗಿದೆ, ಹ್ಯಾಂಡಲ್ ಅದೇ ಚಾಸಿಯ ಮುಂತುದಿಯಲ್ಲಿದೆ, ಕನ್ನಡಿ ಆ ಹ್ಯಾಂಡಲ್‌ನ ಮೇಲೆ ಕಡ್ಡಿಯೊಂದರ ತುದಿಯಲ್ಲಿದೆ. ಎಂಜಿನ್ನಿನ ಪ್ರತಿ ಸುತ್ತಿನ ಒದೆತವೂ ಗಾಳದ ಕೋಲಿನ ತುದಿಯಂತೆ ಕನ್ನಡಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಲೆಕ್ಕ ನೋಡಿ. 350 ಸಿಸಿಯ ಹಳೇ ಬುಲೆಟ್ಟಿನಲ್ಲಿ ಒಂದೇ ದೊಡ್ಡ ಪಿಸ್ಟನ್. ಅದು 90 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಬಾರಿ ಹ್ಯಾಂಡಲ್ ನಡುಗುತ್ತದೆ. 250 ಸಿಸಿಯ ಜಾವಾ ಅಥವಾ ಯೆಜ್ಡಿಯನ್ನು 4,000 ಸುತ್ತಿಗೆ ಏರಿಸಿದರೆ ಸೆಕೆಂಡಿಗೆ ಸುಮಾರು 67 ಬಾರಿ. ತುದಿಯಲ್ಲಿ ಭಾರ ಹೊತ್ತ ಪ್ರತಿಯೊಂದು ಕಡ್ಡಿಗೂ ತನ್ನದೇ ಆದ ಸಹಜ ಕಂಪನಾಂಕ ಇರುತ್ತದೆ. ಎಂಜಿನ್ನಿನ ನಡುಕ ಆ ಅಂಕೆಗೆ ಸರಿಹೊಂದಿದ ಕ್ಷಣವೇ ಅನುರಣನ ಹುಟ್ಟಿ, ಹಿಂದಿನ ಲಾರಿಯ ಎರಡು ದೀಪಗಳು ನಾಲ್ಕಾಗಿ, ಕೊನೆಗೆ ಬೆಳ್ಳಗಿನ ಒಂದು ಮಸುಕು ಗೆರೆಯಾಗಿಬಿಡುತ್ತವೆ. ಆ್ಯಕ್ಸಿಲರೇಟರನ್ನು ಸ್ವಲ್ಪ ಇಳಿಸಿದರೆ ಮತ್ತೆ ಚಿತ್ರ ಕೂಡಿಕೊಳ್ಳುತ್ತದೆ. ಹಳೆಯ ಬೈಕು ಓಡಿಸಿದವರಿಗೆಲ್ಲ ಇದರ ಪರಿಚಯ ಇದೆ.

ಇದರಿಂದ ಪಾರಾಗಲು ಇರುವುದು ಎರಡೇ ದಾರಿ. ಕಡ್ಡಿಯನ್ನು ಗಟ್ಟಿ ಮಾಡಿ ಅದರ ಸಹಜ ಕಂಪನಾಂಕವನ್ನು ಎಂಜಿನ್ನಿನ ನಡುಕಕ್ಕಿಂತ ಮೇಲೆ ಒಯ್ಯುವುದು ಒಂದು. ಕನ್ನಡಿಗೆ ಭಾರ ಸೇರಿಸಿ ಅದನ್ನು ಕೆಳಕ್ಕೆ ಇಳಿಸುವುದು ಇನ್ನೊಂದು. ಗಟ್ಟಿತನದ ಲೆಕ್ಕ ತುಂಬ ಕಟ್ಟುನಿಟ್ಟು. ಕಡ್ಡಿಯ ಉದ್ದ ಎರಡು ಪಟ್ಟಾದರೆ ಅದರ ಬಿಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ 8 ಮಿಲಿಮೀಟರಿನಿಂದ 10ಕ್ಕೆ ಹೋದರೆ ಬಿಗಿ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಅಂಗಡಿಯಲ್ಲಿ ಸಪೂರ ಕಡ್ಡಿಯ ನಾಜೂಕು ಕನ್ನಡಿ ಎಷ್ಟು ಚೆಂದ ಕಂಡರೂ ಒಂದೇ ಸಿಲಿಂಡರಿನ ಬೈಕಿಗೆ ಅದು ಒಗ್ಗದಿರುವುದಕ್ಕೆ ಕಾರಣ ಇದೇ.

ಬ್ರಿಟನ್ನಿನ ಕೆಫೆ ರೇಸರ್ ಹುಡುಗರು 1960ರ ದಶಕದಲ್ಲಿ ಬೇರೆ ಹಾದಿ ಹಿಡಿದರು. ತಗ್ಗಿದ ಹ್ಯಾಂಡಲ್ ಮೇಲೆ ಬಾಗಿ ಕೂತು ಓಡಿಸುವವರಿಗೆ ಮೇಲೆ ನಿಂತ ಕನ್ನಡಿಯಲ್ಲಿ ತಮ್ಮ ಮೊಣಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿಡಿಕೆಯ ಕೊಳವೆಯೊಳಗೆ ಬೂಚಿನಂತೆ ಹಿಗ್ಗಿ ಕೂರುವ ಬಾರ್ ಎಂಡ್ ಕನ್ನಡಿ ಅವರಿಗೆ ಹೇಳಿಮಾಡಿಸಿದ್ದು. ಕಡ್ಡಿ ಗಿಡ್ಡ, ಕನ್ನಡಿ ಮೊಣಕೈಯಿಂದ ಆಚೆಗೆ. ಹ್ಯಾಂಡಲ್‌ನ ತುದಿಗೆ ಒಂದಿಷ್ಟು ತೂಕ ಸೇರಿ ನಡುಕವೂ ತಗ್ಗುತ್ತದೆ. ಅದೇ ಕಾಲದ ‘ಮಾಡ್’ ಹುಡುಗರು ತಮ್ಮ ವೆಸ್ಪಾ, ಲ್ಯಾಂಬ್ರೆಟಾಗಳಿಗೆ ಶೋಕಿಗಾಗಿ ಹತ್ತಾರು ಕನ್ನಡಿ ಹೇರಿಕೊಂಡು ತಿರುಗುತ್ತಿದ್ದರು. ಒಂದು ಕಡೆ ನೋಡಲೆಂದು ಹಾಕಿದ ಕನ್ನಡಿ, ಇನ್ನೊಂದು ಕಡೆ ನೋಡಿಸಿಕೊಳ್ಳಲೆಂದು ಹಾಕಿದ ಕನ್ನಡಿ. ಇಂದಿಗೂ ಮಾರುಕಟ್ಟೆಯಲ್ಲಿ ಈ ಎರಡೂ ಬಗೆ ಪಕ್ಕಪಕ್ಕದಲ್ಲೇ ತೂಗುತ್ತಿರುತ್ತವೆ.

ಮೈಸೂರಿನ ಬೈಕು, ಇವತ್ತಿನ ರಸ್ತೆ

ನಮ್ಮ ಕಡೆಯ ಕಥೆ 1961ರಿಂದ. ಫಾರೂಕ್ ಇರಾನಿ, ರುಸ್ತುಂ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿಯ ಬೈಕು ಇಲ್ಲಿ ತಯಾರಾಯಿತು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. 1978ರ ಹೊತ್ತಿಗೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಮೈಸೂರು, ಮಂಡ್ಯ, ಬೆಂಗಳೂರಿನ ಬೀದಿಗಳಲ್ಲಿ ಇವತ್ತಿಗೂ ಅವುಗಳ ಸದ್ದಿದೆ.

ಈ ಬೈಕು ಹುಟ್ಟಿದ ಕಾಲದ ರಸ್ತೆ ಈಗ ಇಲ್ಲ. ಆಗ ಸವಾರನಿಗೆ ಹಿಂದಿನ ಸುದ್ದಿ ಮುಟ್ಟಿಸುತ್ತಿದ್ದದ್ದು ಕಿವಿ: ಬಸ್ಸಿನ ಹಾರನ್, ಲಾರಿಯ ಎಂಜಿನ್ ಸದ್ದು. ಅನುಮಾನ ಬಂದರೆ ಒಮ್ಮೆ ತಿರುಗಿ ನೋಡಿದರಾಯಿತು. ಈಗ ಕಾರುಗಳು ಸದ್ದಿಲ್ಲದೆ ಬರುತ್ತವೆ, ವಿದ್ಯುತ್ ಸ್ಕೂಟರುಗಳಂತೂ ಪಕ್ಕಕ್ಕೆ ಬರುವವರೆಗೂ ಗೊತ್ತಾಗುವುದಿಲ್ಲ. ಕಿವಿಯ ಮೇಲೆ ಹೆಲ್ಮೆಟ್ಟೂ ಇದೆ. 2023ರಲ್ಲಿ ತೆರೆದ ಸುಮಾರು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ಇಲ್ಲ. ಮೈಸೂರಿನಲ್ಲಿ ಹುಟ್ಟಿದ ಬೈಕು ಬೆಂಗಳೂರಿಗೆ ಬರಬೇಕಾದರೂ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎಕ್ಸ್‌ಪ್ರೆಸ್‌ವೇಯಿಂದ ಇಳಿದ ಕಾರುಗಳು ವೇಗ ಇಳಿಸದೆ ಹಿಂದಿನಿಂದ ಬಂದು ಸೇರುತ್ತವೆ. ಗಂಟೆಗೆ 60ರಲ್ಲಿ ಹೋಗುತ್ತಿರುವ ಬೈಕಿನ ಹಿಂದೆ 20 ಮೀಟರ್ ದೂರದಲ್ಲಿ 80ರ ವೇಗದ ಕಾರು ಇದ್ದರೆ, ಅದು ನಿಮ್ಮನ್ನು ಮುಟ್ಟಲು ನಾಲ್ಕು ಸೆಕೆಂಡೂ ಬೇಡ. ಅಷ್ಟರಲ್ಲಿ ಕುತ್ತಿಗೆ ತಿರುಗಿಸಿ, ನೋಡಿ, ಮತ್ತೆ ಮುಂದಿನ ಗುಂಡಿಯ ಕಡೆ ಗಮನ ತರಬೇಕು. ಕನ್ನಡಿ ಈ ಕೆಲಸವನ್ನು ಒಂದು ಕಣ್ಣೋಟಕ್ಕೆ ಇಳಿಸುತ್ತದೆ.

ಗಾಜು ಆರಿಸುವುದು

ಅಂಗಡಿಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಚೌಕಟ್ಟಿನ ಹೊಳಪನ್ನಲ್ಲ, ಗಾಜನ್ನು. ಅದು ಚಪ್ಪಟೆಯೋ ಉಬ್ಬೋ ಎಂದು ತಿಳಿಯಲು ಒಂದು ಸ್ಟೀಲ್ ಸ್ಕೇಲು ಸಾಕು. ಸ್ಕೇಲಿನ ಅಂಚನ್ನು ಗಾಜಿನ ಮಧ್ಯಕ್ಕೆ ಅಡ್ಡಲಾಗಿ ಇಡಿ. ಉದ್ದಕ್ಕೂ ಅಂಟಿ ಕೂತರೆ ಚಪ್ಪಟೆ. ನಡುವೆ ತಾಗಿ ಎರಡೂ ತುದಿಯಲ್ಲಿ ಸಂದು ಕಂಡರೆ ಉಬ್ಬು. 10 ಸೆಂಟಿಮೀಟರ್ ಅಗಲದ, 1,200 ಮಿಲಿಮೀಟರ್ ತ್ರಿಜ್ಯದ ಉಬ್ಬು ಗಾಜಿನಲ್ಲಿ ಆ ಸಂದು ಸುಮಾರು 1 ಮಿಲಿಮೀಟರ್ ಇರುತ್ತದೆ.

ಆ ಒಂದು ಮಿಲಿಮೀಟರ್ ಮಾಡುವ ವ್ಯತ್ಯಾಸ ದೊಡ್ಡದು. ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ 10 ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿ ಇದ್ದರೆ, 20 ಮೀಟರ್ ಹಿಂದೆ ರಸ್ತೆಯ ಸುಮಾರು 3.4 ಮೀಟರ್ ಅಗಲ ಕಾಣುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಪಥ. ಅದೇ ಅಳತೆಯ ಉಬ್ಬು ಕನ್ನಡಿಯಲ್ಲಿ ಸುಮಾರು 6.8 ಮೀಟರ್, ಎರಡು ಪಥ. ಆದರೆ ಅಲ್ಲಿ ಬರುತ್ತಿರುವ ಬಸ್ಸು ಚಪ್ಪಟೆ ಗಾಜಿನಲ್ಲಿ ಕಾಣುವುದರ ಅರ್ಧದಷ್ಟೇ ದೊಡ್ಡದಾಗಿ ಕಾಣುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮನಸ್ಸು ದೂರದಲ್ಲಿದೆ ಎಂದೇ ತಿಳಿಯುತ್ತದೆ. ಉಬ್ಬು ಗಾಜಿಗೆ ಬದಲಾದವರು ಒಂದಷ್ಟು ದಿನ ಈ ಮೋಸಕ್ಕೆ ಕಣ್ಣನ್ನು ಪಳಗಿಸಿಕೊಳ್ಳಲೇಬೇಕು. ಎರಡೂ ಕನ್ನಡಿ ಹಾಕುವವರು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು ಗಾಜು ಬೆರೆಸದಿರುವುದು ಲೇಸು. ಒಂದೇ ಕಾರು ಎರಡು ಕನ್ನಡಿಗಳಲ್ಲಿ ಎರಡು ದೂರದಲ್ಲಿ ಕಂಡರೆ ಆತುರದ ಗಳಿಗೆಯಲ್ಲಿ ಯಾವುದನ್ನು ನಂಬುವುದು?

ಗಾಜಿನ ಗುಣ ನೋಡಲು ಇನ್ನೊಂದು ಉಪಾಯ. ಕನ್ನಡಿಯನ್ನು ಕೈಯಲ್ಲಿ ಹಿಡಿದು ಅದರಲ್ಲಿ ಹಿಂದಿನ ಕಟ್ಟಡದ ಕಿಟಕಿ ಸರಳುಗಳನ್ನೋ ವಿದ್ಯುತ್ ತಂತಿಯನ್ನೋ ಹಿಡಿಯಿರಿ; ಕನ್ನಡಿಯನ್ನು ನಿಧಾನವಾಗಿ ಆಡಿಸಿ. ಗೆರೆಗಳು ಹಾವಿನಂತೆ ಹರಿದರೆ ಆ ಗಾಜು ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತೇ ಈ ಪರೀಕ್ಷೆ ಮಾಡಬಹುದು.

ಗಾತ್ರಕ್ಕೂ ಅಳತೆಗೋಲು ಇದೆ. ಬಹಳಷ್ಟು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 81ನೇ ವಾಹನ ನಿಯಮದ ಪ್ರಕಾರ ದ್ವಿಚಕ್ರ ವಾಹನದ ದುಂಡು ಕನ್ನಡಿಯ ವ್ಯಾಸ 94 ಮಿಲಿಮೀಟರಿಗಿಂತ ಕಡಿಮೆ ಇರಬಾರದು, 150 ದಾಟಬಾರದು. ಉಬ್ಬಿನ ತ್ರಿಜ್ಯ 1,000ದಿಂದ 1,500 ಮಿಲಿಮೀಟರ್ ನಡುವೆ ಇರಬೇಕು. ಬೈಕಿನ ನಡುಗೆರೆಯಿಂದ ಕನ್ನಡಿಯ ಮಧ್ಯಕ್ಕೆ ಕನಿಷ್ಠ 280 ಮಿಲಿಮೀಟರ್ ದೂರ ಇರಬೇಕು. ಅಮೆರಿಕದ ನಿಯಮವೂ ಈ ದೂರಕ್ಕೆ 11 ಇಂಚು, ಅಂದರೆ 279 ಮಿಲಿಮೀಟರ್ ಎನ್ನುತ್ತದೆ. ಬೇರೆಬೇರೆಯಾಗಿ ಬರೆದ ಎರಡು ನಿಯಮಗಳೂ ಒಂದೇ ಅಂಕೆಗೆ ಬಂದು ನಿಂತಿರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಒಳಗೆ ಕೂತ ಕನ್ನಡಿಯಲ್ಲಿ ಸವಾರನ ಭುಜವೇ ತುಂಬಿಕೊಳ್ಳುತ್ತದೆ. ಟೇಪು ಹಿಡಿದು ಟ್ಯಾಂಕಿನ ನಡುವಿನಿಂದ ಅಳೆದರೆ ನಿಮ್ಮ ಬೈಕಿನ ಕನ್ನಡಿ ಪಾಸೋ ಫೇಲೋ ಗೊತ್ತಾಗುತ್ತದೆ.

ಕೂರಿಸುವ ಕೆಲಸ

ಹಳೆಯ ಹ್ಯಾಂಡಲ್‌ಗಳಲ್ಲಿ ಕನ್ನಡಿ ತಿರುಗಿಸಿ ಕೂರಿಸುವ ತೂತು ಸಾಮಾನ್ಯವಾಗಿ ಇರುವುದಿಲ್ಲ. ಆಗ ಕ್ಲಾಂಪ್ ಬೇಕು. ಹೆಚ್ಚಿನ ಬೈಕುಗಳ ಹ್ಯಾಂಡಲ್ ಕೊಳವೆ 22 ಮಿಲಿಮೀಟರ್. ಆದರೂ ಕ್ಲಾಂಪ್ ಕೊಳ್ಳುವ ಮೊದಲು ವರ್ನಿಯರ್ ಹಿಡಿದು ಅಳೆಯಿರಿ. ಹಲವು ಸಲ ಕ್ರೋಮ್ ಮಾಡಿಸಿದ, ತುಕ್ಕು ಉಜ್ಜಿಸಿದ ಕೊಳವೆ ಅಳತೆ ತಪ್ಪಿರುತ್ತದೆ. ಕ್ಲಾಂಪಿನೊಳಗೆ ಸೈಕಲ್ ಟ್ಯೂಬಿನ ತೆಳುವಾದ ಒಂದು ಪಟ್ಟಿ ಸುತ್ತಿದರೆ ಕ್ರೋಮ್ ಗೀರು ಬೀಳುವುದಿಲ್ಲ, ಹಿಡಿತವೂ ಜಾರುವುದಿಲ್ಲ. ಪಟ್ಟಿ ಒಂದೇ ಸುತ್ತು ಇರಲಿ. ರಬ್ಬರ್ ದಪ್ಪವಾದಷ್ಟೂ ಕನ್ನಡಿ ಓಲಾಡುತ್ತದೆ.

ತೂತು ಇರುವ ಲಿವರ್ ಬ್ರಾಕೆಟ್ ಹಾಕಿಸಿದ್ದರೆ ಥ್ರೆಡ್ ನೋಡಬೇಕು. ಬಹುಪಾಲು ಕನ್ನಡಿಗಳದ್ದು 10 ಮಿಲಿಮೀಟರ್, 1.25ರ ಪಿಚ್. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 10 ಮಿಲಿಮೀಟರ್ ಬೋಲ್ಟಿನದ್ದು 1.5ರ ಪಿಚ್. ಕೈಗೆ ಸಿಕ್ಕಿದ್ದನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಂ ಬ್ರಾಕೆಟ್ಟಿನ ಥ್ರೆಡ್ ಹಾಳಾಗುತ್ತದೆ, ಇಲ್ಲವೇ ಬ್ರಾಕೆಟ್ಟೇ ಸೀಳುತ್ತದೆ. ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ಅದು ಆ ತೂತಿನ ಕನ್ನಡಿಯಲ್ಲ. ಯಮಹಾ ಬೈಕುಗಳ ಬಲಗಡೆ ಉಲ್ಟಾ ಥ್ರೆಡ್ ಇರುವುದುಂಟು. ಅದಕ್ಕೊಂದು ಸೊಗಸಾದ ಕಾರಣವಿದೆ. ಬಲಗಡೆಯ ಕನ್ನಡಿಗೆ ಎದುರಿನಿಂದ ಏನಾದರೂ ಬಡಿದರೆ ಕಡ್ಡಿ ಹಿಂದಕ್ಕೆ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮಾಮೂಲಿ ಥ್ರೆಡ್ ಆದರೆ ಅದು ಇನ್ನಷ್ಟು ಬಿಗಿದು ಮುರಿಯುತ್ತದೆ. ಉಲ್ಟಾ ಥ್ರೆಡ್ ಸಡಿಲಗೊಂಡು ಬಡಿತಕ್ಕೆ ದಾರಿ ಬಿಡುತ್ತದೆ. ಎಡಗಡೆಗೆ ಮಾಮೂಲಿ ಥ್ರೆಡ್ಡೇ ಈ ಕೆಲಸ ಮಾಡುತ್ತದೆ.

ಬಾರ್ ಎಂಡ್ ಕನ್ನಡಿ ಹಾಕುವವರು ಅಳೆಯಬೇಕಾದದ್ದು ಕೊಳವೆಯ ಒಳವ್ಯಾಸ. ರಬ್ಬರ್ ಹಿಡಿಕೆಯ ಮುಚ್ಚಿದ ತುದಿಯನ್ನು ದುಂಡಗೆ ಕತ್ತರಿಸಬೇಕಾಗುತ್ತದೆ. ಕೆಲವು ಹಳೆಯ ಬೈಕುಗಳಲ್ಲಿ ಆ್ಯಕ್ಸಿಲರೇಟರ್ ಕೇಬಲ್ ಹ್ಯಾಂಡಲ್ ಕೊಳವೆಯೊಳಗೇ ಹಾದುಹೋಗುತ್ತದೆ. ಅಂಥವಕ್ಕೆ ಬೂಚಿನ ಕನ್ನಡಿ ಬಲಗಡೆ ಬೇಡವೇ ಬೇಡ. ಉಳಿದವುಗಳಲ್ಲೂ ಬಲ ಹಿಡಿಕೆಗೂ ಕನ್ನಡಿಯ ಬುಡಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಡಿ. ಬಿಗಿದ ಮೇಲೆ ಆ್ಯಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೈಬಿಡಿ. ಅದು ತಾನಾಗಿ ಹಿಂದಕ್ಕೆ ಜಿಗಿಯಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ಇದೇ ಪರೀಕ್ಷೆ ಮಾಡಿ, ಕನ್ನಡಿ ಟ್ಯಾಂಕಿಗೆ ತಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಇದಿಷ್ಟೂ ಆಗದೆ ಬೈಕು ರಸ್ತೆಗೆ ಇಳಿಯಕೂಡದು. ನಗರದ ದಟ್ಟಣೆಯಲ್ಲೇ ಹೆಚ್ಚು ಓಡಾಡುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು: ಬಾರ್ ಎಂಡ್ ಕನ್ನಡಿ ಬೈಕನ್ನು ಎರಡೂ ಕಡೆ ಅಗಲ ಮಾಡುತ್ತದೆ, ಬೈಕು ವಾಲಿದರೆ ಮೊದಲು ನೆಲ ಕಾಣುವುದೂ ಅದೇ. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅನಾವರಣಗೊಂಡ ಪೆರಾಕ್‌ಗೆ ಕಂಪನಿಯೇ ಬಾರ್ ಎಂಡ್ ಕನ್ನಡಿ ಕೊಟ್ಟಿತು. ಕೆಫೆ ರೇಸರ್ ಹುಡುಗರ ಉಪಾಯ ಐವತ್ತು ವರ್ಷಗಳಲ್ಲಿ ಕಾರ್ಖಾನೆಯ ವಿನ್ಯಾಸವೇ ಆಯಿತು.

ಒಂದೇ ಕನ್ನಡಿ ಹಾಕುವುದಾದರೆ ಬಲಗಡೆಗೆ. ನಾವು ಎಡಕ್ಕೆ ಓಡಿಸುವವರು, ನಮ್ಮನ್ನು ದಾಟುವವರು ಬಲದಿಂದ ಬರಬೇಕಾದವರು. ಎಡದಿಂದಲೂ ನುಗ್ಗುವವರು ಇರುವ ಊರುಗಳಲ್ಲಿ ಎರಡೂ ಬೇಕು.

ಹೊಂದಿಸುವ ಕ್ರಮವೂ ಇದೆ. ಸ್ಟ್ಯಾಂಡ್ ಮೇಲೆ ನಿಂತ ಬೈಕಿನಲ್ಲಿ ಹೊಂದಿಸಿದ ಕನ್ನಡಿ ರಸ್ತೆಯಲ್ಲಿ ಆಕಾಶವನ್ನೋ ಡಾಂಬರನ್ನೋ ತೋರಿಸುತ್ತದೆ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಹೆಲ್ಮೆಟ್ ಹಾಕಿ, ಓಡಿಸುವಾಗ ಕೂರುವ ಹಾಗೆಯೇ ಕೂತು ಹೊಂದಿಸಿ. ಕನ್ನಡಿಯ ಒಳ ಅಂಚಿನಲ್ಲಿ ನಿಮ್ಮ ಭುಜದ ಒಂದು ಚೂರು ಕಾಣಲಿ, ಅದು ನಾಲ್ಕನೇ ಒಂದು ಭಾಗ ಮೀರದಿರಲಿ. ರಸ್ತೆ ದೂರದಲ್ಲಿ ಮುಗಿಯುವ ಗೆರೆ ಗಾಜಿನ ನಡುವೆ ಬರಲಿ. ಆಮೇಲೆ ಯಾರನ್ನಾದರೂ ಬೈಕಿನ ಹಿಂದಿನಿಂದ ಬಲಬದಿಗೆ ನಿಧಾನವಾಗಿ ನಡೆದು ಬರಲು ಹೇಳಿ. ಅವರು ಕನ್ನಡಿಯಿಂದ ಮರೆಯಾಗಿ, ಇನ್ನೂ ಕಣ್ಣಂಚಿಗೆ ಬೀಳದಿರುವ ಒಂದು ಜಾಗ ಸಿಗುತ್ತದೆ. ಆ ಜಾಗದಲ್ಲಿ ಒಂದು ಇಡೀ ಸ್ಕೂಟರ್ ಅಡಗಿಕೊಳ್ಳಬಲ್ಲದು. ಯಾವ ಕನ್ನಡಿಯೂ ಅದನ್ನು ಪೂರ್ತಿ ತುಂಬುವುದಿಲ್ಲ. ಪಥ ಬದಲಿಸುವ ಮುನ್ನ ಭುಜದ ಮೇಲಿಂದ ಒಂದು ನೋಟ ಯಾವತ್ತೂ ಬೇಕು.

ಕೊನೆಯ ಪರೀಕ್ಷೆ ರಸ್ತೆಯ ಮೇಲೆ. ನೀವು ಸಾಮಾನ್ಯವಾಗಿ ಓಡಿಸುವ ವೇಗದಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟ್ ಒಂದು ಚೌಕವಾಗಿ ಕಾಣುತ್ತದೆಯೋ ಮಸುಕಾಗಿ ಹರಡುತ್ತದೆಯೋ ಗಮನಿಸಿ. ಮಸುಕಾದರೆ ಮೊದಲು ಎಂಜಿನ್ನಿನ ಮೌಂಟಿಂಗ್ ಬೋಲ್ಟುಗಳನ್ನು ನೋಡಿ. ಎಷ್ಟೋ ಸಲ ಕನ್ನಡಿಯ ಮೇಲೆ ಹೊರಿಸಿದ ತಪ್ಪು ಸಡಿಲ ಬೋಲ್ಟಿನದ್ದಾಗಿರುತ್ತದೆ. ಅವು ಬಿಗಿಯಾಗಿದ್ದೂ ಅದುರಿದರೆ ಗಿಡ್ಡ ಕಡ್ಡಿ ಹಾಕಿಸಿ, ಇಲ್ಲವೇ ಕನ್ನಡಿಯ ಬಟ್ಟಲಿನೊಳಗೆ ಸೀಸದ ಒಂದು ತುಂಡನ್ನು ಅಂಟಿಸಿ. ಅನುರಣನ ನಿಮ್ಮ ವೇಗದಿಂದ ಆಚೆಗೆ ಸರಿದರೆ ಸಾಕು, ಪೂರ್ತಿ ಮಾಯವಾಗಬೇಕಾಗಿಲ್ಲ.

ಮೂಲ ರೂಪ ಕೆಡುತ್ತದೆಯೇ?

ಹಳೆಯ ಬೈಕನ್ನು ಪ್ರೀತಿಸುವವರಲ್ಲಿ ಒಂದು ಹಿಂಜರಿಕೆ ಇದೆ. ಕಾರ್ಖಾನೆಯಿಂದ ಬಂದಾಗ ಇಲ್ಲದ್ದನ್ನು ಹಾಕಿದರೆ ಮೂಲ ರೂಪ ಕೆಡುತ್ತದಲ್ಲ ಎಂದು. ಆ ಕಾಳಜಿಗೆ ಗೌರವ ಸಲ್ಲಬೇಕು. ಈ ಬೈಕುಗಳು ಇಂದಿಗೂ ಉಳಿದಿರುವುದು ಅಂಥವರಿಂದಲೇ. ಆದರೆ ಮೂಲ ರೂಪವನ್ನು ಕೆಡಿಸುವುದು ಕೊರೆದ ತೂತು, ಕತ್ತರಿಸಿದ ಚಾಸಿ, ಬೆಸುಗೆ ಹಾಕಿದ ಬ್ರಾಕೆಟ್. ಕ್ಲಾಂಪ್ ಹಾಗಲ್ಲ. ಪ್ರದರ್ಶನದ ದಿನ ಬೆಳಗ್ಗೆ ಒಂದು ಸ್ಪ್ಯಾನರಿನಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಗುರುತೂ ಉಳಿಯುವುದಿಲ್ಲ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮವೂ ಆತಂಕಪಟ್ಟಿರುವುದು ಚಾಸಿ, ದೇಹ, ಎಂಜಿನ್‌ಗಳಲ್ಲಿ ಮಾಡುವ ದೊಡ್ಡ ಬದಲಾವಣೆಗಳ ಬಗ್ಗೆ. ಇನ್ನೊಂದು ಕಡೆ, ಹಿಂದಿನಿಂದ ಬರುವ ವಾಹನ ಚಾಲಕನಿಗೆ ಸ್ಪಷ್ಟವಾಗಿ ಕಾಣುವಂತೆ ಕನ್ನಡಿ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕನ್ನಡಿ ಇರಬೇಕು ಎನ್ನುವಷ್ಟಕ್ಕೆ ಅದು ನಿಲ್ಲುವುದಿಲ್ಲ, ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ. 1911ರಲ್ಲಿ ಹ್ಯಾರೂನ್ ಅವರ ಕನ್ನಡಿ ಸೋತದ್ದು ಆ ಎರಡನೆಯ ಮಾತಿನಲ್ಲಿ.

ಮ್ಯೂಸಿಯಂನಲ್ಲಿ ನಿಲ್ಲುವ ಬೈಕಿಗೆ ಕನ್ನಡಿ ಬೇಡ. ಓಡುವ ಬೈಕಿಗೆ ಬೇಕೇ ಬೇಕು. ಅಜ್ಜನ ಜಾವಾವನ್ನೋ ಅಪ್ಪನ ಯೆಜ್ಡಿಯನ್ನೋ ಮತ್ತೆ ರಸ್ತೆಗೆ ಇಳಿಸುತ್ತಿರುವವರಲ್ಲಿ ಒಂದು ಮನವಿ: ಟ್ಯಾಂಕಿನ ಬಣ್ಣಕ್ಕೆ, ಕ್ರೋಮಿಗೆ ಖರ್ಚು ಮಾಡುವಾಗ ಒಂದು ಒಳ್ಳೆಯ ಗಾಜಿಗೂ, ಒಂದು ಗಿಡ್ಡ ದಪ್ಪ ಕಡ್ಡಿಗೂ ಪಾಲು ಎತ್ತಿಡಿ. ಕೊರೆಯಬೇಡಿ, ಕ್ಲಾಂಪ್ ಹಾಕಿ. ಬಲಗಡೆಯದ್ದನ್ನು ಈ ವಾರವೇ ಹಾಕಿಸಿ.